ಊಟದ ಮೇಜಿನ ಮೇಲೆ ರೋಮ್ ಮತ್ತು ಚೀನಾ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯಮ್ಮ? ಕಾಲು ಊದಿಕೊಳ್ಳುತ್ತಿದೆಯಾ? ಮಗ್ಗುಲು ಬದಲಿಸುವಾಗ ಸೊಂಟ ಹಿಡಿಯುತ್ತಿದೆಯಾ? ಹೊಟ್ಟೆಯೊಳಗಿರುವವರು ಒದೆಯುತ್ತಿದ್ದಾರಾ, ಇಲ್ಲಾ ತಾತನ ಹಾಗೆ ಕಾಲು ಮಡಚಿಕೊಂಡು ಏನೋ ಯೋಚನೆ ಮಾಡುತ್ತಿದ್ದಾರಾ? ಭಾರದ ಸಾಮಾನು ನಿನ್ನ ಕೈಯಲ್ಲಿ ಎತ್ತಿಸಬಾರದು ಅಂತ ಅಳಿಯಂದಿರಿಗೆ ಹೇಳು. ಪುಸ್ತಕದ ಕಟ್ಟೂ ಸಾಮಾನೇ. ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಚಿನಕುರುಳಿ ಅನ್ನುವುದು ನಿನ್ನಪ್ಪ ಇಟ್ಟ ಹೆಸರು, ಅದನ್ನು ಬಳಸುವ ಅಧಿಕಾರ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಅವರು ಹೋಗಿ ಎರಡು ವರ್ಷವಾಯಿತು, ಆ ಹೆಸರು ಹಿಡಿದು ನಿನ್ನನ್ನು ಕರೆಯುವವರು ಬೇರೆ ಯಾರೂ ಉಳಿದಿಲ್ಲ. ಸುಮ್ಮನೆ ಮೂಲೆ ಸೇರುವುದು ಬೇಡ ಅಂತ ನಾನು ಎತ್ತಿಕೊಂಡಿದ್ದೇನೆ.

ನಿನ್ನ ಲಕೋಟೆ ಗುರುವಾರ ಬಂತು. ಒಳಗೆ ಅಚ್ಚಾದ ನಿನ್ನ ಲೇಖನ, ಜೊತೆಗೊಂದು ಚೀಟಿ. ಏಳನೇ ತಿಂಗಳು ನಡೆಯುತ್ತಿದೆ, ಇಲ್ಲಿ ಎಲ್ಲ ವ್ಯವಸ್ಥೆಯಾಗಿದೆ, ಅಷ್ಟು ದೂರ ಬರುವ ತೊಂದರೆ ತೆಗೆದುಕೊಳ್ಳುವುದು ಬೇಡ ಅಂತ ಬರೆದಿದ್ದೀಯ. ಚೀಟಿಯ ತಲೆಯ ಮೇಲೆ ಯಾರ ಹೆಸರೂ ಇಲ್ಲ, ಪ್ರೀತಿಯ ಅಂತಲೂ ಇಲ್ಲ, ಮಾನ್ಯರೇ ಅಂತಲೂ ಇಲ್ಲ. ಈ ಮನೆಯಲ್ಲಿ ಈಗ ಇರುವುದು ನಾನೊಬ್ಬಳೇ ಆದ್ದರಿಂದ ನನಗೇ ಬರೆದದ್ದು ಅಂದುಕೊಂಡೆ. ಮೊದಲು ಚೀಟಿ ಓದಿದೆ, ಆಮೇಲೆ ಲೇಖನ, ಆಮೇಲೆ ಮತ್ತೆ ಚೀಟಿ. ಸುಳ್ಳೇಕೆ ಹೇಳಲಿ, ಬೇಜಾರಾಯಿತು. ಬರಬೇಕು ಅಂತ ನನಗೆ ತುಂಬಾ ಆಸೆಯಿತ್ತು. ಆದರೆ ಆ ಮಾತು ಆಮೇಲೆ. ಲೇಖನ ಕಳಿಸಿದ್ದೀಯ, ಅದರ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ನಿನ್ನಪ್ಪ ಗೋಡೆಯ ಮೇಲಿನ ಫೋಟೋದಿಂದಲೇ ಕನ್ನಡಕ ಕೆಳಗಿಳಿಸಿ ನೋಡುತ್ತಾರೆ.

ರೋಮಿನ ಗಡಿಯಾಚೆಯ ನಮ್ಮ ಕಾಡಿನ ಜನ, ಚೀನಾದ ಗಡಿಯಾಚೆಯ ಕುದುರೆ ಜನ ಇಬ್ಬರನ್ನೂ ಅಚ್ಚಿನಲ್ಲಿ ಕಂಡು ಹಳೆಯ ನೆಂಟರು ಬಾಗಿಲು ತಟ್ಟಿದಷ್ಟು ಸಂತೋಷವಾಯಿತು. ನಿನ್ನಪ್ಪನಿಗಿಂತ ಮೊದಲು ನನಗೆ ಪರಿಚಯವಾದದ್ದು ಅವರೇ ಅಂತ ನಿನಗೆ ಗೊತ್ತೋ ಇಲ್ಲವೋ. ಟೈಪಿಂಗ್ ಅಂಗಡಿಯಲ್ಲಿ ಕಿಟಕಿ ಪಕ್ಕದ ಮೆಷಿನ್ ನನ್ನದು. ಕಾಲೇಜಿನ ಮೇಷ್ಟ್ರೊಬ್ಬರು ಪಾಠದ ಟಿಪ್ಪಣಿ ತಂದು ಕೊಟ್ಟರು. ಅಕ್ಷರವೋ, ಇರುವೆ ಶಾಯಿ ಕುಡಿದು ಓಡಾಡಿದ ಹಾಗೆ. ಅರ್ಥ ಮಾಡಿಕೊಳ್ಳದೆ ಟೈಪ್ ಮಾಡುವ ಹಾಗೇ ಇರಲಿಲ್ಲ. ರೋಮಿನ ಇತಿಹಾಸಕಾರ ಉತ್ತರದ ಕಾಡಿನ ಜನರ ಬಗ್ಗೆ ಬರೆಯುತ್ತಾನೆ: ಅವರಿಗೆ ಬೆಳ್ಳಿ ಬಂಗಾರದ ಹುಚ್ಚಿಲ್ಲ, ತಾಯಂದಿರು ತಮ್ಮ ಮಕ್ಕಳಿಗೆ ತಾವೇ ಹಾಲೂಡಿಸುತ್ತಾರೆ, ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದಿಲ್ಲ. ಯುದ್ಧವಿಲ್ಲದಾಗ ಮಾತ್ರ ಕುಡಿದು ಬಿದ್ದಿರುತ್ತಾರೆ. ಇಷ್ಟು ಟೈಪ್ ಮಾಡಿದ ಮೇಲೆ ನನಗೆ ಅನುಮಾನ ಬಂತು. ಮೇಷ್ಟ್ರು ಹಾಳೆ ತೆಗೆದುಕೊಂಡು ಹೋಗಲು ಬಂದಾಗ, ಸಾರ್, ಇವನು ಅವರನ್ನು ಹೊಗಳುತ್ತಿದ್ದಾನೋ ತನ್ನ ರೋಮಿನವರನ್ನೇ ಬೈಯುತ್ತಿದ್ದಾನೋ ಅಂತ ಕೇಳಿಬಿಟ್ಟೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಅಂಗಡಿ ಮುಚ್ಚುವವರೆಗೂ ಎದ್ದೇಳಲಿಲ್ಲ. ನಮ್ಮ ಮದುವೆ ನಿಶ್ಚಯವಾದದ್ದು ಹೆಚ್ಚುಕಡಿಮೆ ಅವತ್ತೇ.

ಆಗ ನಿನಗೆ ಒಂಬತ್ತು ವರ್ಷ. ಅಮ್ಮನನ್ನು ಕಳೆದುಕೊಂಡು ಇನ್ನೂ ಸುಧಾರಿಸಿಕೊಂಡಿರಲಿಲ್ಲ, ಅಷ್ಟರಲ್ಲಿ ನಾನು ಟೈಪ್‌ರೈಟರ್ ಎತ್ತಿಕೊಂಡು ಬಂದು ಇಳಿದೆ. ನೀನು ನನ್ನ ಜೊತೆ ಮಾತು ಬಿಟ್ಟೆ ಅನ್ನುವ ಹಾಗಿಲ್ಲ, ಶುರುವೇ ಮಾಡಲಿಲ್ಲ. ಬೇರೆ ಗಂಡಸರಾಗಿದ್ದರೆ ಗದರಿಸುತ್ತಿದ್ದರು, ಇಲ್ಲವೇ ಗೊಂಬೆ ತಂದುಕೊಡುತ್ತಿದ್ದರು. ಇವರು ಇತಿಹಾಸದ ಮೇಷ್ಟ್ರಲ್ಲವಾ, ಊಟದ ಮೇಜಿನ ಮೇಲೆ ಆಟ ಹೂಡಿದರು. ನಮ್ಮ ಗಡಿಯಾಚೆ ಹೊಸ ಜನ ಬಂದಿದ್ದಾರೆ, ಇವತ್ತು ರೋಮಿನವನ ಹಾಗೆ ಅವರ ವರ್ಣನೆ ಮಾಡು, ನಾಳೆ ಚೀನಾದವನ ಹಾಗೆ ಅನ್ನುತ್ತಿದ್ದರು. ಹೊಸ ಜನ ಅಂದರೆ ನಾನು. ನೀನು ಬೆನ್ನು ನೆಟ್ಟಗೆ ಮಾಡಿಕೊಂಡು ಶುರು ಮಾಡುತ್ತಿದ್ದೆ: ಈ ಜನಕ್ಕೆ ಕುರ್ಚಿಯ ಉಪಯೋಗ ತಿಳಿಯದು, ಎಲ್ಲರ ಊಟ ಮುಗಿದ ಮೇಲೆ ನಿಂತುಕೊಂಡೇ ತಿನ್ನುತ್ತಾರೆ, ಸಿಟ್ಟು ಬಂದಾಗ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾರೆ. ಮಾರನೇ ದಿನ ಚೀನಾದ ಸರದಿ: ಪೂರ್ವದ ಕೋಣೆಯಲ್ಲೊಂದು ಪಂಗಡವಿದೆ, ಬೆಳಕನ್ನು ಹಿಂಬಾಲಿಸಿ ಕಿಟಕಿಯಿಂದ ಕಿಟಕಿಗೆ ಮೆಷಿನ್ ಸಮೇತ ವಲಸೆ ಹೋಗುತ್ತಾರೆ, ಅವರಿಗೆ ಬರವಣಿಗೆ ಇದೆ, ಆದರೆ ಸ್ವಂತದ್ದಲ್ಲ. ನಿನ್ನಪ್ಪ ನಕ್ಕೂ ನಕ್ಕೂ ನೀರು ನೆತ್ತಿಗೇರಿ ಒದ್ದಾಡುತ್ತಿದ್ದರು. ನಾನೂ ನಗುತ್ತಿದ್ದೆ. ಅಷ್ಟು ಚಿಕ್ಕ ಬಾಯಲ್ಲಿ ಅಷ್ಟು ದೊಡ್ಡ ಮಾತು ಕೇಳುವುದೇ ಚೆಂದವಿತ್ತು. ಆ ಮೇಜಿನ ಸುತ್ತ ನಾವು ಮೂವರೂ ಇದ್ದ ಸಂಜೆಗಳು ಈಗಲೂ ನೆನಪಾಗುತ್ತವೆ. ಮೇಜು ಅಲ್ಲೇ ಇದೆ, ನಾನು ಒಂದು ತುದಿಯನ್ನಷ್ಟೇ ಒರೆಸುತ್ತೇನೆ.

ನಿನ್ನಪ್ಪ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಎರಡು ಕಡೆಯಿಂದ ನೋಡಿದರೆ ಮಗು ನನಗೆ ಹತ್ತಿರವಾಗುತ್ತದೆ ಅಂದುಕೊಂಡರು. ಅವರಿಗೆ ಹೊಳೆಯದ ವಿಷಯ ಒಂದೇ. ರೋಮಿನವನಾಗಲಿ ಚೀನಾದವನಾಗಲಿ, ಗಡಿಯಾಚೆಯವರ ಬಗ್ಗೆ ಬರೆದನೇ ಹೊರತು ಅವರ ಮುಖ ನೋಡಿ ಕರೆದವನಲ್ಲ. ನಿನಗೂ ಅದೇ ರೂಢಿಯಾಯಿತು. ನನ್ನ ಬಗ್ಗೆ ಎಷ್ಟು ಚೆಂದ ಮಾತಾಡುತ್ತಿದ್ದೆ, ನನ್ನ ಜೊತೆ ಮಾತಾಡಬೇಕಾದರೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ಅಮ್ಮ ಅನ್ನಲು ನಿನಗಾಗುತ್ತಿರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಚಿಕ್ಕಮ್ಮ ಅನ್ನಲು ಬಾಯಿ ಬರಲಿಲ್ಲ. ಕೆಮ್ಮು ಬಂತು. ನಾನು ಮಂಕು, ಮೊದಲ ತಿಂಗಳು ಪೂರ್ತಿ ನಿನಗೆ ಕೆಮ್ಮಿನ ಔಷಧಿ ಕುಡಿಸಿದೆ. ನೀನೂ ಮಹಾ ಹಟಮಾರಿ, ಕಾರಣ ಹೇಳುವ ಬದಲು ಮುಖ ಕಿವುಚಿಕೊಂಡು ಕುಡಿದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಈ ಮಗುವಿಗೆ ಏನೂ ಆಗಿಲ್ಲವಲ್ಲ ಅಂದಾಗ ನೀನು ಕಿಟಕಿ ಕಡೆ ತಿರುಗಿ ನಕ್ಕದ್ದು ನನಗೆ ಕಾಣಿಸಿತು. ಅವತ್ತು ದಾರಿಯುದ್ದಕ್ಕೂ ಇಬ್ಬರೂ ನಗು ತಡೆದುಕೊಂಡು ಬಂದೆವು. ನನ್ನ ಮಟ್ಟಿಗೆ ನಾವಿಬ್ಬರೂ ಒಂದಾದ ದಿನ ಅದು.

ನಿನ್ನ ಲೇಖನದಲ್ಲಿ ನನಗೆ ತುಂಬ ಹಿಡಿಸಿದ್ದು ದೂರದವರ ಭಾಗ. ರೋಮಿನವರು ಚೀನಾದ ರೇಷ್ಮೆ ಜನರನ್ನು ಕಂಡವರಲ್ಲ, ಅದಕ್ಕೇ ಅವರು ಮರದ ಎಲೆಯಿಂದ ರೇಷ್ಮೆ ಬಾಚಿ ತೆಗೆಯುತ್ತಾರೆ, ಬಹಳ ಸಾಧು ಜನ ಅಂತ ಬರೆದರು. ಚೀನಾದವರು ಪಶ್ಚಿಮದ ಆ ದೊಡ್ಡ ರಾಜ್ಯ ರೋಮನ್ನು ಕಾಣದೆಯೇ, ಅಲ್ಲಿಯವರು ಎತ್ತರ, ನೇರ, ನಮ್ಮ ಹಾಗೇ ಅಂದರು. ಬೈಗುಳವೆಲ್ಲ ದಿನಾ ಎದುರಾಗುವ ಪಕ್ಕದವರಿಗೆ. ಇದನ್ನು ಓದುತ್ತಾ ನಿನ್ನ ಅಮ್ಮನ ನೆನಪಾಯಿತು. ತಪ್ಪು ತಿಳಿಯಬೇಡ. ಆಕೆ ನಿನಗೆ ಆ ರೇಷ್ಮೆ ದೇಶ, ನಾನು ಗಡಿ. ಆಕೆಯ ಜಾಗಕ್ಕೆ ನಾನು ಯಾವತ್ತೂ ಕೈ ಚಾಚಿಲ್ಲ. ಆಕೆಯ ಫೋಟೋದ ಗಾಜು ಒರೆಸುವಾಗ, ನಿಮ್ಮ ಮಗಳು ಚೆನ್ನಾಗಿದ್ದಾಳೆ, ಸ್ವಲ್ಪ ಮೊಂಡು ಅಷ್ಟೇ ಅಂತ ವರದಿ ಒಪ್ಪಿಸುತ್ತಿರುತ್ತೇನೆ.

ಕುದುರೆ ಜನರ ಉತ್ತರವನ್ನು ನೀನು ಬಿಡದೆ ಬರೆದದ್ದು ಒಳ್ಳೆಯದಾಯಿತು. ಹುಲ್ಲು ನೀರು ಹುಡುಕಿಕೊಂಡು ಅಲೆಯುತ್ತಾರೆ, ಗಟ್ಟಿಮುಟ್ಟಾದ ಹುಡುಗರು ಒಳ್ಳೆಯದನ್ನು ತಿಂದು ಮುದುಕರಿಗೆ ಮಿಕ್ಕದ್ದನ್ನು ಕೊಡುತ್ತಾರೆ ಅಂತ ಅವರನ್ನು ಹಳಿದ ಆ ಚೀನಾದ ಇತಿಹಾಸಕಾರನೇ, ಅವರ ಪರವಾಗಿ ಬಂದ ಮಾತನ್ನೂ ಅದೇ ಪುಸ್ತಕದಲ್ಲಿ ಬರೆದಿಟ್ಟನಲ್ಲ. ಅದನ್ನು ಹೇಳಿದವನು ಚೀನಾ ಬಿಟ್ಟು ಆ ಜನರ ಜೊತೆ ಸೇರಿಹೋಗಿದ್ದ ಒಬ್ಬ ಮನುಷ್ಯ. ನಿಮ್ಮ ಮಗ ಗಡಿ ಕಾಯಲು ಹೊರಟಾಗ ನೀವು ನಿಮ್ಮ ಬೆಚ್ಚನೆಯ ಬಟ್ಟೆ, ಒಳ್ಳೆಯ ತಿನಿಸು ಅವನಿಗೇ ಕೊಟ್ಟು ಕಳಿಸುವುದಿಲ್ಲವಾ ಅಂತ ಅವನು ಕೇಳುತ್ತಾನೆ. ನೀನು ಹಾಸ್ಟೆಲಿಗೆ ಹೊರಟ ಬೆಳಗ್ಗೆ ನಿನ್ನಪ್ಪ ತಮ್ಮ ಉಣ್ಣೆ ಕೋಟನ್ನು ನಿನ್ನ ಪೆಟ್ಟಿಗೆಗೆ ತುರುಕಿದರು, ನಾನು ನನ್ನ ಶಾಲು ಹಾಕಿದೆ. ನೋಡು, ನಾವೂ ಕುದುರೆ ಜನವಾಗಿಬಿಟ್ಟೆವು ಅಂತ ಅವರು ಕಣ್ಣು ಒರೆಸಿಕೊಂಡರು. ಆ ಚಳಿಗಾಲ ಪೂರ್ತಿ ಇಬ್ಬರೂ ಒಂದೇ ಕಂಬಳಿ ಹೊದ್ದುಕೊಂಡು ನಿನ್ನ ಕಾಗದ ಓದಿದೆವು. ಕಾಗದ ಅವರ ಹೆಸರಿಗೆ ಬರುತ್ತಿತ್ತು, ಗಟ್ಟಿಯಾಗಿ ಓದುತ್ತಿದ್ದದ್ದು ನಾನು, ಯಾಕೆಂದರೆ ನಿನ್ನ ಅಕ್ಷರವೂ ಅಪ್ಪನದೇ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಹೊತ್ತು ಹೊತ್ತಿಗೆ ತಿನ್ನು, ಓದುವಾಗ ಕಾಲು ಎತ್ತರದಲ್ಲಿಟ್ಟುಕೋ. ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು. ತಾಯಿ ಮಗು ಎರಡು ಜೀವವೂ ತಣ್ಣಗಿರಲಿ.

ಇಂತಿ,
ನಿನ್ನಪ್ಪನ ಟೈಪಿಸ್ಟ್

ಮರೆತಿದ್ದೆ: ನೀನು ಬೇಡ ಅಂದಿದ್ದರೂ ನಾನು ಬರುತ್ತೇನೆ, ಮುಂದಿನ ತಿಂಗಳು ಐದನೇ ತಾರೀಕಿನ ರೈಲಿಗೆ. ಅತಿಥಿಯಾಗಿ ಅಲ್ಲ, ನೀನು ಮಲಗಿದ್ದಾಗ ಮಗುವನ್ನು ಎತ್ತಿಕೊಳ್ಳಲು ಮನೆಯವರೊಬ್ಬರು ಬೇಕು. ಬರಲೇಬಾರದು ಅನ್ನುವುದಾದರೆ ಅಷ್ಟರೊಳಗೆ ಬರೆದುಬಿಡು, ಪೆಟ್ಟಿಗೆ ಬಿಚ್ಚಿ ಬಟ್ಟೆ ವಾಪಸ್ ಇಡುತ್ತೇನೆ, ಸಿಟ್ಟು ಮಾಡಿಕೊಳ್ಳುವುದಿಲ್ಲ. ಇನ್ನೊಂದು ಮಾತು. ಇಷ್ಟು ವರ್ಷ ನೀನು ನನ್ನನ್ನು ಏನೂ ಕರೆಯದೆ ನಡೆದುಹೋಯಿತು, ಇನ್ನು ಮುಂದೆಯೂ ನಡೆಯುತ್ತದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಗುವಿಗೆ ಮಾತ್ರ ನನ್ನನ್ನು ತೋರಿಸಿ ಅಜ್ಜಿ ಅನ್ನಲು ಹೇಳಿಕೊಡು.