ಬೂಟು ಕಳಚದೆ ಒಳಗೆ ಬನ್ನಿ

ಬೆಳಗಾವಿ ತರಬೇತಿ ಬಯಲು,
ಫೆಬ್ರವರಿ ಮೂವತ್ತು, ೨೧೯೧

ನಮಗಿಂತ ಮೊದಲು ಬಾಳಿದ ಹಿರಿಯರಿಗೆ, ಸುಬೇದಾರ್ ಇರಾವತಿ ಬಸರಗಿಯ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಲ್ಲ. ಫೆಬ್ರವರಿಗೆ ನೀವು ಮಾಡಿದ್ದ ಮೋಸವನ್ನು ಸರಿಪಡಿಸಿ, ಅದಕ್ಕೂ ಮೂವತ್ತು ದಿನ ಕೊಟ್ಟಿದ್ದೇವೆ. ನಿಮಗೆ ಗೊತ್ತಿಲ್ಲದ ಮಾತುಗಳು ಈ ಪತ್ರದಲ್ಲಿ ಬಂದರೆ ಮನ್ನಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಕವಾಯತು ಮಾಡಿಸುವವಳು. ಸಿಟ್ಟು ಬೇಗ ಬರುತ್ತದೆ, ಹೋಗುವುದಕ್ಕೆ ಸ್ವಲ್ಪ ಹೊತ್ತು ಬೇಕು. ಅದನ್ನೂ ಮನ್ನಿಸಿ.

ನಮ್ಮಲ್ಲಿ ಕರೆಯಾಳುಗಳು ಎಂದು ಇದ್ದಾರೆ. ನೀವು ಮೀಸಲು ಸೈನಿಕರು ಎನ್ನುತ್ತಿದ್ದಿರಿ. ವರ್ಷವಿಡೀ ಅವರು ಟೈಲರು, ಮೇಷ್ಟ್ರು, ಕುಂದಾ ಮಿಠಾಯಿ ಮಾಡುವವರು. ಕರೆ ಬಂದಾಗ ಸಮವಸ್ತ್ರ ತೊಟ್ಟು ನನ್ನ ಬಯಲಿಗೆ ಬರುತ್ತಾರೆ. ಕಾಯಂ ದಳದವರೊಂದಿಗೆ ಅವರನ್ನು ಪಳಗಿಸಿ ಹಡಗು ಹತ್ತಿಸುವುದು ನನ್ನ ಕೆಲಸ. ಮೊದಲ ವಾರ ಹೊಟ್ಟೆ ಕರಗಿಸುವುದರಲ್ಲೇ ಹೋಗುತ್ತದೆ, ಕುಂದಾದವರದ್ದಂತೂ ಕೇಳಬೇಡಿ. ಆಮೇಲೆ ಹೋಗುವ ನಾಡಿನ ಭಾಷೆ, ಅಲ್ಲಿಯ ಸಪ್ಪೆ ಊಟ, ತೂಗಾಡುವ ಹಡಗಿನಲ್ಲಿ ನಿದ್ದೆ ಮಾಡುವ ಅಭ್ಯಾಸ. ಕೋವಿ ಹಿಡಿಯುವುದನ್ನೂ ಕಲಿಸುತ್ತೇವೆ. ಆದರೆ ಅವರ ಕೈಯಲ್ಲಿ ಹೆಚ್ಚು ಹೊತ್ತು ಇರುವುದು ನೆಲಗಣ್ಣು, ಅಂದರೆ ಮಣ್ಣೊಳಗಿನ ಸಿಡಿಮದ್ದನ್ನು ತೋರಿಸುವ ಉದ್ದ ಹಿಡಿಕೆಯ ಉಪಕರಣ.

ಈ ಸಲ ದಳ ಹೊರಟಿರುವುದು ಕಡಲಾಚೆಯ ಮಿರೇನಾ ದ್ವೀಪಕ್ಕೆ. ನಿಮಗೆ ಮುಂದೆ ಬರಲಿರುವ ಯುದ್ಧವೊಂದರಲ್ಲಿ ಅಲ್ಲಿ ಬೀಜಬಾಂಬು ಬಿತ್ತಿದರು. ಅವರೆಕಾಳಿನ ಗಾತ್ರದ್ದು, ತುಳಿದರೆ ಪಾದ ಹೋಗುತ್ತದೆ. ನೆರೆ ಬಂದಾಗಲೆಲ್ಲ ಅವು ಕೆಸರಿನೊಂದಿಗೆ ಮನೆಗಳಿಗೆ ನುಗ್ಗಿ ನೆಲದಲ್ಲಿ ಕೂತವು. ಜನ ಊರು ಬಿಟ್ಟು ಚದುರಿದರು, ಕೆಲವರು ನಮ್ಮ ಬೆಳಗಾವಿಯಲ್ಲೇ ನೆಲೆಸಿದ್ದಾರೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ನಮ್ಮಲ್ಲೂ ಉಳಿದಿದೆ. ಆದರೆ ಮಾಡಿದವರು ನೀವು, ಉಣ್ಣುತ್ತಿರುವವರು ನಾವು. ಇರಲಿ. ಆ ಮನೆಗಳನ್ನು ಶುದ್ಧ ಮಾಡಿ ಮರಳಿಸುವುದು ದಳದ ಹೊಣೆ. ಅದಕ್ಕೆಂದೇ ತಡೆಬೂಟು ಕೊಟ್ಟಿದ್ದೇವೆ. ಕಾಳು ಸಿಡಿದರೂ ಅದರ ತಳ ಪಾದವನ್ನು ಕಾಯುತ್ತದೆ, ಕಾಲಲ್ಲಿದ್ದರೆ ಮಾತ್ರ.

ತೊಂದರೆ ಇದ್ದದ್ದು ಅಲ್ಲೇ. ಬಯಲಿನಲ್ಲಿ ಅಭ್ಯಾಸಕ್ಕೆಂದು ಕಟ್ಟಿದ ಮನೆಗಳಿವೆ. ಪಕ್ಕದ ಹಳ್ಳಿಯ ಹೆಂಗಸರು ಬಂದು ಮನೆಯೊಡತಿಯರ ಪಾತ್ರ ಮಾಡುತ್ತಾರೆ. ಮಿರೇನಾದಲ್ಲಿ ರಂಗೋಲಿ ಇಲ್ಲವೆಂದು ಎಷ್ಟು ಹೇಳಿದರೂ ಬಾಗಿಲ ಮುಂದೆ ಎಳೆದೇ ಬಿಡುತ್ತಾರೆ. ನಮ್ಮ ಕರೆಯಾಳುಗಳು ಆ ಹೊಸ್ತಿಲಿಗೆ ಬರುತ್ತಲೇ ಯೋಚನೆಯಿಲ್ಲದೆ ಬೂಟು ಬಿಚ್ಚಿ, ಗೋಡೆಗೆ ಒರಗಿಸಿ, ಬರಿಗಾಲಲ್ಲಿ ಒಳಗೆ ನಡೆದುಬಿಟ್ಟರು. ಜೋಡಿಸಿಟ್ಟ ಬೂಟುಗಳ ಸಾಲು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೈದೆ, ಬಯಲು ಸುತ್ತಿಸಿದೆ. ಒಬ್ಬೊಬ್ಬರಾಗಿ ಎಲ್ಲರೂ ತಿದ್ದಿಕೊಂಡರು, ನನ್ನ ತಂಗಿಯ ಮಗಳು ಮಹಾನಂದಾ ಒಬ್ಬಳನ್ನು ಬಿಟ್ಟು.

ಅವಳು ಊರಲ್ಲಿ ಎಮ್ಮೆ ಡಾಕ್ಟರು. ನೆಲಗಣ್ಣನ್ನು ಅವಳಷ್ಟು ತಾಳ್ಮೆಯಿಂದ ಹಿಡಿಯುವವರು ಇಡೀ ದಳದಲ್ಲಿಲ್ಲ. ಹೋಗಲೇಬೇಕೆಂಬ ಹಟವೂ ಅವಳಿಗೇ ಹೆಚ್ಚು. ಆದರೆ ಹೊಸ್ತಿಲು ಕಂಡರೆ ಸಾಕು, ಕೈ ಬೂಟಿನ ಪಟ್ಟಿಗೆ ಹೋಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು. ಅದನ್ನು ಮನೆ ಅಂದುಕೊಳ್ಳಬೇಡ, ಬರೀ ಗೋಡೆ ಅಂದುಕೋ ಎಂದು ಹೇಳಿಕೊಟ್ಟೆ. ಯಾರದೋ ಮನೆಯನ್ನು ಗೋಡೆ ಅಂದುಕೊಳ್ಳಲು ತನ್ನಿಂದಾಗದು ಎಂದಳು. ಕೊನೆಯ ಪರೀಕ್ಷೆಯಲ್ಲೂ ಬಿಚ್ಚಿದರೆ ದಳ ಅವಳನ್ನು ಬಿಟ್ಟು ಹೋಗುತ್ತದೆ. ಮಮತೆಯಿಂದ ನಾನೇ ಪಾಸು ಮಾಡಿದರೆ ಒಂದು ಕಾಲಿಲ್ಲದೆ ಮರಳಿಯಾಳು. ಕವಾಯತಿನ ಸುಬೇದಾರಳಾದರೂ ನನಗೆ ಹೆದರಿಕೆಯಾಗಿತ್ತು.

ಆ ಪರೀಕ್ಷೆಗೆ ಮನೆಯೊಡತಿಯಾಗಿ ಮಿರೇನಾದವಳೇ ಆದ ಓಲಿನಾ ಎಂಬ ಮುದುಕಿಯನ್ನು ಕರೆಸಿದೆ. ಬೆಳಗಾವಿಯಲ್ಲೇ ತಲೆ ನರೆತವಳು, ನಮ್ಮ ಮಾತನ್ನು ನಮ್ಮಂತೆಯೇ ಆಡುತ್ತಾಳೆ. ಮಹಾನಂದಾ ಹೊಸ್ತಿಲಿಗೆ ಬಂದು ಬಗ್ಗಿದಳು. ಓಲಿನಾ ಮುಂದೆ ಬಂದು ಅವಳ ಕೈ ಹಿಡಿದಳು.

“ಇದು ನನ್ನ ಮನೀನ ಅಂತ ತಿಳಕೊ, ಯವ್ವಾ. ಬೂಟು ಹಾಕ್ಕೊಂಡ ಒಳಗ ಬಾ. ನೀ ಕಾಲ ಕಳಕೊಂಡ ನೆಲದ ಮ್ಯಾಲ ಕುಂತು ನಾ ಹ್ಯಾಂಗ ಉಣ್ಲಿ?”

ಮಹಾನಂದಾ ರಂಗೋಲಿ ತುಳಿದುಕೊಂಡೇ ಒಳಗೆ ಹೋದಳು. ಮನೆಯೆಂಬುದನ್ನು ಮರೆಸಲು ನಾನು ಹೆಣಗುತ್ತಿದ್ದೆ. ಅವಳಿಗೆ ಬೇಕಾಗಿದ್ದದ್ದು ಮನೆಯವರ ಅಪ್ಪಣೆ. ಕೋಣೆ ಕೋಣೆಯ ನೆಲ ತಡವಿ, ನಾವು ಹೂತಿಟ್ಟಿದ್ದ ಪೊಳ್ಳು ಕಾಳುಗಳನ್ನೆಲ್ಲ ತೆಗೆದು ಹೊರಬಂದಳು. ನಾನು ಪಾಸು ಎನ್ನುವುದರೊಳಗೆ ಬೂಟು ಬಿಚ್ಚಿಟ್ಟು, ಮತ್ತೆ ಒಳಗೆ ಹೋಗಿ ಎಲ್ಲ ಕೋಣೆಗಳಲ್ಲೂ ಬರಿಗಾಲಲ್ಲಿ ನಡೆದಳು. ನಾನು ಕೂಗಾಡಿದೆ. ತಾನು ಬರಿಗಾಲಿಡಲಾಗದ ನೆಲವನ್ನು ಶುದ್ಧವಾಯಿತೆಂದು ಮನೆಯವರಿಗೆ ಹೇಗೆ ಒಪ್ಪಿಸಲಿ ಎಂದು ಕೇಳಿದಳು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು.

ಈಗ ದಳದವರೆಲ್ಲ ಕೆಲಸವನ್ನು ಹಾಗೆ ಬರಿಗಾಲಲ್ಲಿ ನಡೆದೇ ಮುಗಿಸುತ್ತಾರೆ. ಬೆಳಗಾವಿಯ ಮಿರೇನಾದವರು ಸರದಿಯಲ್ಲಿ ಬಂದು, ಒಬ್ಬೊಬ್ಬ ಕರೆಯಾಳಿಗೂ ತಮ್ಮ ಮನೆಯ ಗುರುತು ಹೇಳಿ ಅಪ್ಪಣೆ ಕೊಟ್ಟಿದ್ದಾರೆ. ಓಲಿನಾ ತನ್ನ ಮನೆಯನ್ನು ಮಹಾನಂದಾಳಿಗೇ ವಹಿಸಿದ್ದಾಳೆ. ನಾಳೆ ಕಾರವಾರದಿಂದ ಹಡಗು. ಹಡಗು ಹೊರಡುವ ಮೊದಲೇ ಈ ಮುದುಕಿ ತನ್ನ ಪಾತ್ರೆಪಗಡಗಳನ್ನು ನೆರೆಯವರಿಗೆ ಹಂಚತೊಡಗಿದ್ದಾಳೆ, ತನ್ನ ಮನೆಗೆ ಮರಳುತ್ತೇನೆಂದು ಅಷ್ಟು ನಂಬಿಕೆ. ನನಗೂ ಇದೆ.

ಇನ್ನು ನಿಮ್ಮಲ್ಲಿ ಒಂದು ಕೋರಿಕೆ. ಆ ಬೀಜ ಇನ್ನೂ ನಿಮ್ಮ ಮುಷ್ಟಿಯಲ್ಲೇ ಇದೆ, ನೆಲಕ್ಕೆ ಬಿದ್ದಿಲ್ಲ. ಬಿತ್ತಬೇಡಿ. ನೀವು ಬಿತ್ತದಿದ್ದರೆ ಓಲಿನಾ ತನ್ನ ಮನೆ ಬಿಟ್ಟು ಬರುವುದಿಲ್ಲ, ಮಹಾನಂದಾ ಎಮ್ಮೆಗಳ ಜೊತೆ ಊರಲ್ಲೇ ಇರುತ್ತಾಳೆ, ನನ್ನ ನೌಕರಿಯೂ ಇರುವುದಿಲ್ಲ. ಹೋಗಲಿ ಬಿಡಿ, ಸಂತೋಷದಿಂದ ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ.