ವಾಚು ಕೂಗದ ಓಟ

ಭಾನುವಾರ, ಮಧ್ಯಾಹ್ನ
(ಎರಡೂ ಕಾಲು ಬಿಸಿನೀರಿನ ಬಕೆಟ್ಟಿನಲ್ಲಿ)

ಕೆಟ್ಟು ನಿಂತ ಲಿಫ್ಟುಗಳ ವೈದ್ಯಶಿರೋಮಣಿಯಾದ ನನ್ನ ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಮಾತ್ರ ಇಂದು ಬೆಳಿಗ್ಗೆ ನಮ್ಮನ್ನಗಲಿತು.

ಇಂದಿನ ಓಟದಲ್ಲಿ ನಿನ್ನ ಅಕ್ಕ ಕಟ್ಟಕಡೆಯ ಸ್ಥಾನವನ್ನು ಯಾವ ಪೈಪೋಟಿಯೂ ಇಲ್ಲದೆ ಗೆದ್ದಿದ್ದಾಳೆ ಎಂದು ತಿಳಿಸಲು ಈ ಕಾಗದ. ಫೋನ್ ಮಾಡಬಹುದಿತ್ತು. ಆದರೆ ಆಸ್ಪತ್ರೆ ಎಂಬ ಶಬ್ದ ಕಿವಿಗೆ ಬಿದ್ದ ತಕ್ಷಣ ನೀನು ಲಿಫ್ಟಿನೊಳಗೆ ಇರುತ್ತೀಯ, ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ.

ನೀನು ಮರೆತವನಂತೆ ನಟಿಸುವುದರಲ್ಲಿ ನಿಸ್ಸೀಮ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ಕಳೆದ ವರ್ಷ ಇದೇ ಹೊತ್ತಿಗೆ ಡಾಕ್ಟರಮ್ಮ ನನ್ನ ಎದೆಯೊಳಗೆ ಇಣುಕಿ, ಹೃದಯದ ಗೋಡೆ ಇರಬೇಕಾದ್ದಕ್ಕಿಂತ ದಪ್ಪವಾಗಿದೆ ಎಂದರು. ಮೈ ಇಳಿಯಲಿ ಎಂದು ಐವತ್ತರ ಮೇಲೆ ಓಡಲು ಕಲಿತವಳಿಗೆ ದಪ್ಪವಾಗಲು ಬೇರೆ ಜಾಗ ಸಿಗಲಿಲ್ಲವೇ ಎಂದು ಕೇಳಿದೆ. ಅವರು ನಗಲಿಲ್ಲ. ಇದು ಓಟದಿಂದ ಬಂದದ್ದಲ್ಲ, ರಕ್ತದಲ್ಲೇ ಬಂದದ್ದು, ನಿಮ್ಮ ತಾಯಿಗೂ ಇದೇ ಇದ್ದಿರಬಹುದು, ಒಡಹುಟ್ಟಿದವರಿದ್ದರೆ ಅವರೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಎಂದರು. ಪಕ್ಕದ ಕುರ್ಚಿಯಲ್ಲಿದ್ದ ಒಡಹುಟ್ಟಿದವನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

ನನಗೆ ಮಾತ್ರೆ ಬರೆದರು. ಓಟ ಪೂರ್ತಿ ಬಿಡಬೇಕಿಲ್ಲ, ಆದರೆ ಎದೆಬಡಿತ ಒಂದು ಮಿತಿ ದಾಟಕೂಡದು. ದಾಟಿದರೆ ಕೈಯಲ್ಲಿನ ವಾಚು ಕೂಗುತ್ತದೆ, ಕೂಗಿದರೆ ನಿಲ್ಲಬೇಕು. ಇಷ್ಟೇ ಕಾನೂನು. ಹೊರಗೆ ಬಂದು ನಿನ್ನ ಪರೀಕ್ಷೆ ಯಾವತ್ತೋ ಎಂದು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ ಅಕ್ಷರಶಃ ನೆನಪಿದೆ:

"ಅಕ್ಕಾ, ಹುಟ್ಟಿದಾಗಿಂದ ನೀನು ಯಾರ ಮಾತು ಕೇಳಿದೀಯ? ಆ ವಾಚು ಒಂದ್ಸಲಾನೂ ಕೂಗದ ಹಾಗೆ ಒಂದೇ ಒಂದು ಓಟ ಮುಗಿಸು. ಮಾರನೇ ದಿನ ನಾನಾಗೇ ಬಂದು ಮಲಗ್ತೀನಿ, ಎಲ್ಲಿ ಬೇಕೋ ಅಲ್ಲಿ ವೈರು ಅಂಟಿಸ್ಲಿ."

ಸಾಕ್ಷಿಗೆ ನಿನ್ನ ಭಾವನನ್ನೇ ಅಂಪೈರ್ ಮಾಡಿದೆವು. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಮನುಷ್ಯ ಎಂದು ಆರಿಸಿದ್ದು ನೀನು. ಪಾಪ, ಅಂದಿನಿಂದ ಅವರು ಪ್ರತಿ ಓಟದಲ್ಲೂ ಸೈಕಲ್ ಮೇಲೆ ನನ್ನ ಪಕ್ಕದಲ್ಲೇ, ಬೀಗರ ಮನೆಯ ಜಗಳ ಕೇಳುವವರಂತೆ ಕಿವಿ ಇತ್ತ ವಾಲಿಸಿಕೊಂಡು ಬರುತ್ತಿದ್ದಾರೆ.

ಮೊದಲ ಓಟ ಸೊಗಸಾಗಿ ಶುರುವಾಯಿತು. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಕ್ಯಾಷಿಯರ್ ಇದ್ದಾರೆ. ಓಡುವಾಗಲೂ ಕೌಂಟರಿನ ಹಿಂದೆ ಕೂತಂತೆಯೇ ಮುಖ. ಅವರು ನನ್ನನ್ನು ದಾಟುತ್ತಾ, "ನಿಧಾನಕ್ಕೆ ಬನ್ನಿ ಮೇಡಂ, ಅವಸರ ಇಲ್ಲ" ಎಂದರು. ಅವಸರ ಇದೆಯೋ ಇಲ್ಲವೋ ತೋರಿಸುತ್ತೇನೆ ಎಂದು ಹೊರಟೆ. ಎರಡು ಬೀದಿದೀಪದ ಕಂಬ ದಾಟುವಷ್ಟರಲ್ಲಿ ವಾಚು ಕೋಳಿ ಕೂಗಿದಂತೆ ಕೂಗಿತು. ಅಂಪೈರ್ ಬೆರಳೆತ್ತಿದರು. ಸಂಜೆ ನೀನು ಸಂತಾಪಸೂಚಕವಾಗಿ ಕುಣಿಯುವ ಕರಡಿಯ ಚಿತ್ರ ಕಳಿಸಿದೆ.

ಮುಂದಿನ ಓಟದಲ್ಲಿ ಫೋಟೊ ತೆಗೆಯುವವನು ತಿರುವಿನಲ್ಲಿ ಕಾದು ಕೂತಿದ್ದ. ಕ್ಯಾಮೆರಾ ಮುಂದೆ ತೆವಳುವುದು ಹೇಗೆ? ಫೋಟೊ ಬಹಳ ಚೆನ್ನಾಗಿ ಬಂದಿದೆ, ಜಿಂಕೆಯ ಹಾಗೆ. ವಾಚು ಕೂಗಿದ್ದು ಫೋಟೊದಲ್ಲಿ ಕೇಳುವುದಿಲ್ಲ, ಅಷ್ಟೇ. ಅದರ ಮುಂದಿನದರಲ್ಲಿ ಓಡುವುದರಲ್ಲಿ ಯಾವ ತಪ್ಪನ್ನೂ ಮಾಡಲಿಲ್ಲ. ಆದರೆ ಸೈಕಲ್ ಮೇಲಿದ್ದ ಅಂಪೈರ್ ಗ್ಯಾಸ್ ಸ್ಟವ್ ಆರಿಸಿದೆಯಾ ಎಂದು ಕೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರಕ್ಕೆ ವಾಚು ಕೂಗಿತು.

ನೀನು ಪ್ರತಿಸಲ ನಕ್ಕೆ. ನಾನೂ ನಕ್ಕೆ. ಆದರೆ ನಾನು ಸೋತ ಪ್ರತಿ ಓಟ ನಿನಗೆ ಸಿಕ್ಕ ಒಂದು ವಾಯಿದೆ ಎಂಬುದು ನನಗೆ ನಿದ್ದೆಯಲ್ಲೂ ಕುಟುಕುತ್ತಿತ್ತು. ಆ ಕುಟುಕಿನಿಂದಲೇ ಮಳೆಯ ದಿನದ ಓಟದಲ್ಲಿ ಒಂದು ದಡ್ಡತನ ಮಾಡಿದೆ. ನಿನಗೆ ಹೇಳಿದ್ದು ಕಾಲು ಉಳುಕಿತು ಎಂದು. ಕಾಲು ಉಳುಕಲಿಲ್ಲ. ವಾಚು ಕೂಗಿದಾಗ ಅಂಗಿಯ ಒದ್ದೆ ತೋಳನ್ನು ಅದರ ಮೇಲೆ ಎಳೆದುಕೊಂಡು, ಮಳೆಯ ಸದ್ದಿನಲ್ಲಿ ಯಾರಿಗೆ ಕೇಳೀತು ಎಂದು ಓಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಣ್ಣೆದುರಿನ ರಸ್ತೆ ಅಂಚುಗಳಿಂದ ಕಪ್ಪಾಗುತ್ತಾ ಬಂತು. ಫುಟ್‌ಪಾತಿನ ಕಲ್ಲಿನ ಮೇಲೆ ಹೇಗೆ ಕೂತೆನೋ ತಿಳಿಯದು. ನಿನ್ನ ಭಾವ ಸೈಕಲ್ಲನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿಬಂದರು.

ಅವರು ಬೈಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ, ನನ್ನ ಶೂಗಳ ಒಳಗೆ ಹಳೆ ಪೇಪರ್ ತುರುಕಿ ಒಣಗಲು ಇಡುತ್ತಾ, ತಲೆ ಎತ್ತದೆ ಹೇಳಿದರು: "ನೀನು ಬಿದ್ರೆ ಕಾರ್ಖಾನೇಲಿ ನೀನು ಅರ್ಧ ಹೊಲಿದ ಸೋಫಾಗಳು ಕಾಯ್ತವೆ. ನಂಗೆ ಕಾಯಕ್ಕೆ ಬರಲ್ಲ."

ಡಾಕ್ಟರಮ್ಮ ಮಾತ್ರೆ ಬದಲಿಸಿ, ಮಳೆಗಾಲ ಮುಗಿಯುವವರೆಗೆ ನಡಿಗೆ ಮಾತ್ರ ಎಂದರು. ನಡೆದೆ. ನನ್ನನ್ನು ಬಸವನಹುಳುಗಳು ಹಿಂದೆ ಹಾಕಿ, ತಿರುಗಿ ನೋಡಿ, ಕನಿಕರಪಟ್ಟವು. ಮತ್ತೆ ಪರೀಕ್ಷೆ ಮಾಡಿ, ವರ್ಷದ ಕೊನೆಯ ಓಟಕ್ಕೆ ಒಪ್ಪಿಗೆ ಕೊಟ್ಟರು, ಆದರೆ ಮಿತಿಯನ್ನು ಇನ್ನಷ್ಟು ಕೆಳಗಿಳಿಸಿದರು. ತೋಳು ಎಳೆದುಕೊಂಡ ವಿಷಯ ಅವರಿಗೂ ಹೇಳಿದ್ದೆ. ಇನ್ನೊಮ್ಮೆ ಹಾಗೆ ಮಾಡಿದರೆ ಶೂಗಳನ್ನು ತಾವೇ ಇಟ್ಟುಕೊಳ್ಳುವುದಾಗಿ ಹೇಳಿದರು. ನಮ್ಮಿಬ್ಬರ ಅಳತೆ ಒಂದೇ, ಮಾಡಿಯೇಬಿಡುತ್ತಾರೆ.

ಉಪಾಯ ಹೊಳೆದದ್ದು ಕಾರ್ಖಾನೆಯಲ್ಲಿ. ಸೋಫಾಕ್ಕೆ ಬಟ್ಟೆ ಬಿಗಿಯುವಾಗ ನಮಗೆ ಎರಡು ಕೈ ಸಾಲದು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಸುತ್ತಿಗೆ. ಚಿಕ್ಕ ಮೊಳೆಗಳನ್ನು ತುಟಿಯಲ್ಲೇ ಕಚ್ಚಿಕೊಂಡಿರುತ್ತೇವೆ. ಆ ದಿನ ಒಬ್ಬ ಗಿರಾಕಿ ಬಂದು ನನ್ನ ಹೊಲಿಗೆ ಸೊಟ್ಟ ಎಂದು ಅರ್ಧ ಗಂಟೆ ವಾದಿಸಿದ. ಬಾಯಲ್ಲಿ ಮೊಳೆ, ನಾನು ತುಟಿ ಬಿಚ್ಚುವಂತಿಲ್ಲ. ಸುಮ್ಮನೆ ಮೂಗಿನಲ್ಲಿ ಉಸಿರಾಡುತ್ತಾ ಬಡಿಯುತ್ತಲೇ ಇದ್ದೆ. ಅವನು ಹೋದ ಮೇಲೆ ವಾಚು ನೋಡಿದರೆ ಎದೆ ಮಗುವಿನ ಹಾಗೆ ಮಲಗಿತ್ತು. ಇಡೀ ವರ್ಷ ನಾನು ಕಾಲನ್ನು ದೂರಿದ್ದೆ ಕಣೋ, ತಪ್ಪೆಲ್ಲ ಬಾಯಿಯದು. ಬಾಯಿ ಮುಚ್ಚಿ ಎಷ್ಟು ಓಡಬಹುದೋ ಅಷ್ಟೇ ನನ್ನ ವೇಗ. ನಮ್ಮ ವಂಶದಲ್ಲಿ ಈ ಪ್ರಯೋಗವನ್ನು ಈವರೆಗೆ ಯಾರೂ ಮಾಡಿರಲಿಲ್ಲ.

ಇಂದು ಬೆಳಿಗ್ಗೆ ಮೊಳೆಯ ಬದಲು ಚರ್ಮದ ಒಂದು ಉದ್ದನೆಯ ಪಟ್ಟಿಯನ್ನು ತುಟಿಯಲ್ಲಿ ಹಿಡಿದು ನಿಂತೆ. ಎಮ್ಮೆ ಹುಲ್ಲು ಮೆಲ್ಲುವಂತೆ ಕಾಣುತ್ತಿದ್ದೆನಂತೆ. ಇದು ಅಂಪೈರ್ ವರದಿ. ಕ್ಯಾಷಿಯರ್ ಬಂದರು, ನಿಧಾನಕ್ಕೆ ಬನ್ನಿ ಎಂದರು. ಪಟ್ಟಿ ಕಚ್ಚಿದೆ. ಮೊಮ್ಮಗುವಿನ ತಳ್ಳುಗಾಡಿ ತಳ್ಳುತ್ತಿದ್ದ ಅಜ್ಜಿ ದಾಟಿ ಹೋದರು. ಪಟ್ಟಿ ಕಚ್ಚಿದೆ. ಸೇತುವೆಯ ಏರಿನಲ್ಲಿ ಕಾಲು ತಾನಾಗಿಯೇ ಜೋರಾಗಲು ನೋಡಿತು. ಉಸಿರು ಮೂಗಿಗೆ ಸಾಲದೆ ತುಟಿ ಬಿಚ್ಚಿಕೊಳ್ಳುತ್ತಿದ್ದಂತೆಯೇ ನಡಿಗೆಗೆ ಇಳಿದೆ. ಮುಂದಿನವರ ಬೆನ್ನುಗಳು ಒಂದೊಂದಾಗಿ ತಿರುವಿನಲ್ಲಿ ಮಾಯವಾದವು. ಆಮೇಲೆ ರಸ್ತೆಯಲ್ಲಿ ಉಳಿದದ್ದು ನಾನು, ಸೈಕಲ್ಲು, ಕಸ ಗುಡಿಸುವವರು. ಬದುಕಿನಲ್ಲಿ ಮೊದಲ ಬಾರಿಗೆ ಎಲ್ಲರೂ ನನ್ನನ್ನು ಸೋಲಿಸಲಿ ಎಂದು ಹಟ ತೊಟ್ಟಿದ್ದೆ. ಗೆಲ್ಲುವ ಹಟಕ್ಕಿಂತ ಇದು ಭಾರ, ತಮ್ಮಾ.

ನಾನು ತಲುಪುವಷ್ಟರಲ್ಲಿ ಮುಕ್ತಾಯದ ಗೆರೆಯಲ್ಲಿ ಗಾಳಿ ತುಂಬಿ ನಿಲ್ಲಿಸಿದ್ದ ಕಮಾನಿನ ಗಾಳಿ ತೆಗೆದುಬಿಟ್ಟಿದ್ದರು. ಅದು ಮುಗಿಲಿಗೆ ಮುಖಮಾಡಿದ್ದ ಗತ್ತನ್ನೆಲ್ಲ ಬಿಟ್ಟು ಒದ್ದೆ ಹಾಸಿಗೆಯಂತೆ ಗೆರೆಯ ಮೇಲೆ ಬಿದ್ದಿತ್ತು. ನಿನ್ನ ಭಾವ ಸೈಕಲ್ ಇಳಿದು ಅದರ ಒಂದು ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ನಾನು ಬಗ್ಗಿ, ಮಂಚದ ಕೆಳಗೆ ನುಸುಳುವಂತೆ ನುಸುಳಿ, ಗೆರೆ ದಾಟಿದೆ. ವಾಚು ಕೂಗಲಿಲ್ಲ. ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಒಂದು ಸಲವೂ ಇಲ್ಲ. ಅಂಪೈರ್ ಹಾಗೆಂದು ಘೋಷಿಸಿದರು, ಕಿವಿ ಕೆಂಪಾಗಿರಲಿಲ್ಲ. ಕಣ್ಣು ಮಾತ್ರ ಸ್ವಲ್ಪ ಕೆಂಪಾಗಿತ್ತು, ಧೂಳು ಬಿತ್ತಂತೆ.

ಇನ್ನು ನಿನ್ನ ಸರದಿ. ಮಾರನೇ ದಿನ ಎಂದಿದ್ದೆ; ಕಾಗದ ತಲುಪಲಿ ಎಂದು ಎರಡು ದಿನ ಬಿಟ್ಟು, ಬುಧವಾರ ಬೆಳಿಗ್ಗೆಗೆ ಡಾಕ್ಟರಮ್ಮನ ಬಳಿ ನಿನ್ನ ಹೆಸರು ಹೇಳಿಟ್ಟಿದ್ದೇನೆ. ನಿನ್ನ ಹೆಂಡತಿಗೂ ತಿಳಿಸಿದ್ದೇನೆ. ಅವಳು ನನ್ನ ಪಕ್ಷ. ಆ ದಿನ ಯಾವ ಲಿಫ್ಟ್ ಎಲ್ಲಿ ಸಿಕ್ಕಿಬಿದ್ದರೂ ಅದರೊಳಗಿನವರು ಮೆಟ್ಟಿಲ ಮಹಿಮೆ ಧ್ಯಾನಿಸಲಿ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಬೇಕಾದರೆ ಬಾಯಿ ಮುಚ್ಚಿಕೊಂಡು.

ಇಂತು ನಿನ್ನ,
ಕಡೆಯವಳಾಗಿ ಬಂದ ಮೊದಲನೆಯವಳು,
ಅಕ್ಕ

ತಾ.ಕ.: ಹೋದ ತಿಂಗಳು ನಮ್ಮ ಮನೆಗೆ ಬಂದಾಗ ನೀನು ಎರಡನೇ ಮಹಡಿಯ ತಿರುವಿನಲ್ಲಿ, ಕಂಬಿ ಹಿಡಿದುಕೊಂಡು, ಪಕ್ಕದವರ ಹೂಕುಂಡ ನೋಡುತ್ತಾ ಬಹಳ ಹೊತ್ತು ನಿಂತಿದ್ದೆಯಲ್ಲ. ನಾನು ಮೇಲಿನಿಂದ ಬಗ್ಗಿ ನೋಡಿದಾಗ, ಚೆನ್ನಾಗಿದೆ ಅಂತ ನೋಡ್ತಿದ್ದೆ ಎಂದೆ ನೀನು. ಡಾಕ್ಟರಮ್ಮನ ಬಳಿ ಹೋಗುವ ಮುಂಚೆ ಎಷ್ಟೋ ಸಂಜೆ ನಾನೂ ಅಲ್ಲೇ ನಿಂತು ಅದನ್ನೇ ನೋಡಿದ್ದೇನೆ. ಆ ಕುಂಡದಲ್ಲಿ ಗಿಡ ಇಲ್ಲ ಕಣೋ.