ನಲವತ್ತೊಂದು ನೋಟ್‌ಬುಕ್ಕುಗಳ ಸಾಕ್ಷಿ

ಏಳುಬಾವಿ
ಮೌನದ ನಂತರದ ತೊಂಬತ್ತಾರನೆಯ ವರ್ಷ, ಗಾಳಿತಿಂಗಳ ಮೂವತ್ತೇಳನೆಯ ದಿನ

ಏಳುಬಾವಿ ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರಾದ ಚನ್ನವೀರಪ್ಪ ಕಮತರ ಅವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಯಾವ ತಿಂಗಳಿಗೂ ಮೂವತ್ತೇಳನೆಯ ದಿನ ಇರಲಿಲ್ಲವಂತೆ. ನಮ್ಮಲ್ಲಿ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ, ಕೊನೆಯದಾದ ಗಾಳಿತಿಂಗಳು ಮುಗಿದ ಮೇಲೆ ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ಬಿಡುವು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಮಕ್ಕಳ ನೋಟ್‌ಬುಕ್ಕುಗಳಿಂದ. ನಡುನಡುವೆ ‘ಅತ್ಯಮೂಲ್ಯವಾದುದು’, ‘ಪ್ರಮುಖ ಪಾತ್ರ ವಹಿಸುತ್ತದೆ’ ಎಂದು ಬಂದುಬಿಟ್ಟರೆ ಅದು ನೀವು ಹಚ್ಚಿದ ಚಟ. ಪದಗಳ ಮಟ್ಟಿಗೆ ನಾನು ಕ್ಷಮೆ ಕೇಳಿಯಾಯಿತು. ಉಳಿದದ್ದಕ್ಕೆ ಕ್ಷಮೆ ಕೇಳಬೇಕಾದವರು ನೀವು.

ನನ್ನ ಹೆಸರು ಬಸಲಿಂಗವ್ವ. ನಾನೂ ನಿಮ್ಮದೇ ಊರಿನಲ್ಲಿ ಏಳನೆಯ ತರಗತಿಗೆ ಸಮಾಜ ಕಲಿಸುವವಳು. ಮೌನ ಎಂದರೆ ನಿಮ್ಮ ಯಂತ್ರಗಳೆಲ್ಲ ಒಟ್ಟಿಗೆ ನೆನಪು ಕಳೆದುಕೊಂಡ ವರ್ಷ. ಹೊಲದ ಗಡಿ, ಔಷಧಿಯ ಹೆಸರು, ಸತ್ತವರ ಮುಖ, ಎಲ್ಲವನ್ನೂ ನೀವು ಅವುಗಳ ಹೊಟ್ಟೆಯಲ್ಲೇ ಇಟ್ಟಿದ್ದಿರಂತೆ. ಅವು ಬಾಯಿ ಮುಚ್ಚಿದ ಮೇಲೆ ಊರುಗಳು ಒಡೆದವು, ಜನ ದಿಕ್ಕಾಪಾಲಾದರು. ಮೂರು ತಲೆಮಾರು ಅಲ್ಲಿ ಇಲ್ಲಿ ಅಲೆದು, ನಾವು ಅರವತ್ತು ಮನೆಯವರು ಏಳುಬಾವಿಗೆ ಮರಳಿ ಬಂದು ಎಂಟು ವರ್ಷವಾಯಿತು. ಹಿಂದಿನವರಿಗೆ ವರ್ಷಕ್ಕೊಂದು ಕಾಗದ ಬರೆದು ಶಾಲೆಯ ಕಬ್ಬಿಣದ ಕಪಾಟಿನಲ್ಲಿಡುವುದು ನಮ್ಮ ಪದ್ಧತಿ; ಅದಕ್ಕೆ ಹಿಂಬರಹ ಎನ್ನುತ್ತೇವೆ. ಸಾಮಾನ್ಯವಾಗಿ ಅದರಲ್ಲಿ ‘ನೀವು ನೆಟ್ಟ ಬೇವು ಚೆನ್ನಾಗಿದೆ’ ಎಂಬಂಥ ಒಳ್ಳೆಯ ಮಾತೇ ಇರುತ್ತದೆ. ಈ ಸಲ ನನ್ನಿಂದ ಒಳ್ಳೆಯ ಮಾತು ನಿರೀಕ್ಷಿಸಬೇಡಿ.

ನಮ್ಮ ಶಾಲೆಯ ಬಗ್ಗೆ ಮೊದಲು ಹೇಳಬೇಕು, ಇಲ್ಲದಿದ್ದರೆ ನಾವು ಹೇಗೆ ಮೋಸಹೋದೆವೆಂದು ನಿಮಗೆ ತಿಳಿಯದು. ಮೌನ ಕಲಿಸಿದ ಪಾಠದಿಂದ, ನಮ್ಮ ಮಕ್ಕಳು ಎಲ್ಲಕ್ಕಿಂತ ಮೊದಲು ಕಲಿಯುವುದು ಟಿಪ್ಪಣಿ ಬರೆಯುವುದನ್ನು. ಪ್ರತಿ ಮಗುವೂ ಹಾಳೆಗೆ ಎರಡು ಗೆರೆ ಎಳೆದು ಮೂರು ಮನೆ ಮಾಡುತ್ತದೆ. ಮೊದಲ ಮನೆ ಕಂಡದ್ದಕ್ಕೆ, ಎರಡನೆಯದು ಕೇಳಿದ್ದಕ್ಕೆ, ಮೂರನೆಯದು ತಿಳಿಯದೆ ಉಳಿದದ್ದಕ್ಕೆ. ಮೂರನೆಯ ಮನೆ ಖಾಲಿ ಬಿಟ್ಟ ಮಗುವನ್ನು ನಾನು ಮನೆಗೆ ಬಿಡುವುದಿಲ್ಲ. ಕುಂಬಾರರು ಮಡಕೆ ಸುಡುವ ಆವಿಗೆಯನ್ನು ನೋಡಲು ಹೋದರೆ ಇಪ್ಪತ್ತು ಮಕ್ಕಳು ಇಪ್ಪತ್ತು ಥರ ಬರೆದುಕೊಂಡು ಬರುತ್ತಾರೆ. ಒಬ್ಬಳು ಹೊಗೆಯ ಬಣ್ಣ, ಇನ್ನೊಬ್ಬ ಕುಂಬಾರನ ಬೈಗುಳ. ಇಬ್ಬರ ಸಾಲು ಒಂದೇ ಥರ ಇದ್ದರೆ ಇಬ್ಬರೂ ಮತ್ತೆ ಹೋಗಿ ನೋಡಿ ಬರಬೇಕು.

ಇದಕ್ಕೆ ಒಂದೇ ಒಂದು ವಿನಾಯಿತಿ ಉಂಟು. ಇಡೀ ತರಗತಿ ಬೇರೆಬೇರೆಯಾಗಿ ಪರೀಕ್ಷಿಸಿ, ಜಗಳಾಡಿ, ಕೊನೆಗೆ ಯಾರೂ ಅಲ್ಲಗಳೆಯಲಾಗದ ಒಂದು ವಾಕ್ಯಕ್ಕೆ ಬಂದರೆ, ಎಲ್ಲರೂ ಅದನ್ನು ಅಕ್ಷರ ಬದಲಿಸದೆ ಬರೆದುಕೊಳ್ಳಬಹುದು. ಕೆಳಗೆ ಶಿಕ್ಷಕಿ ಕೆಂಪು ಮಸಿಯಲ್ಲಿ ರುಜು ಹಾಕುತ್ತಾಳೆ. ಇದು ಒಪ್ಪುಸಾಲು. ‘ನಮ್ಮ ಗುಡ್ಡದ ಕಲ್ಲು ಸುಣ್ಣಕ್ಕೆ ಬರುವುದಿಲ್ಲ’ ಎಂಬ ಒಪ್ಪುಸಾಲಿಗೆ ಹನ್ನೊಂದು ದಿನ ಹಿಡಿಯಿತು, ಇಬ್ಬರು ಮಾತು ಬಿಟ್ಟರು. ಎಂಟು ವರ್ಷದಲ್ಲಿ ನನ್ನ ತರಗತಿ ಬರೆದದ್ದು ನಾಲ್ಕೇ ಒಪ್ಪುಸಾಲು. ಒಪ್ಪುಸಾಲಿನ ಮೇಲೆ ನಾವು ಮನೆ ಕಟ್ಟುತ್ತೇವೆ, ಹೆಣ್ಣು ಕೊಡುತ್ತೇವೆ. ಅದನ್ನು ಪ್ರಶ್ನಿಸುವವರಿಲ್ಲ.

ಎರಡು ವರ್ಷದ ಹಿಂದೆ ನಿಮ್ಮ ಶಾಲೆಯ ಬಿದ್ದ ಗೋಡೆಯಡಿಯಲ್ಲಿ ಒಂದು ಕಪಾಟು ಸಿಕ್ಕಿತು. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ‘ತಪಾಸಣೆಗೆ’ ಎಂದು ಬರೆದ ಕಟ್ಟು. ನಲವತ್ತೊಂದು ನೋಟ್‌ಬುಕ್ಕು, ಏಳನೆಯ ತರಗತಿ, ಸಮಾಜ ವಿಜ್ಞಾನ. ಒಂದು ಪಾಠದ ಹೆಸರು ‘ನಮ್ಮ ಊರು: ಕ್ಷೇತ್ರ ಭೇಟಿ’. ನಿಮ್ಮ ನವೆಂಬರ್ ತಿಂಗಳ ಮೂರನೆಯ ಗುರುವಾರ ನೀವು ಮಕ್ಕಳನ್ನು ಕರೆದುಕೊಂಡು ಏಳೂ ಬಾವಿ ಸುತ್ತಿದ್ದೀರಿ. ನಾನು ಒಂದನ್ನು ಓದಿದೆ, ಎರಡನೆಯದನ್ನು ಓದಿದೆ. ಹತ್ತನೆಯದನ್ನು ಓದುವಾಗ ನನ್ನ ಕಣ್ಣಲ್ಲಿ ನೀರು ಬಂತು. ನಲವತ್ತೊಂದು ಕೈಬರಹ, ಒಂದೇ ಮಾತು, ಪ್ರತಿಯೊಂದರ ಕೆಳಗೂ ಕೆಂಪು ರುಜು. ಒಂದು ಸಾಲಲ್ಲ ಸ್ವಾಮಿ, ಇಡೀ ಪುಟ ಒಪ್ಪುಸಾಲು! ಈ ಚನ್ನವೀರಪ್ಪನವರು ಎಂಥ ಮೇಷ್ಟ್ರಾಗಿದ್ದಿರಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮ ಹೊಸ ಶಾಲೆಯ ಬಾಗಿಲಿಗೆ ನಿಮ್ಮ ಹೆಸರು ಕೆತ್ತಿಸಿದವಳೂ ನಾನೇ.

ಆ ಪುಟದಲ್ಲಿ ‘ಊರಿನ ಪಕ್ಕದಲ್ಲಿ ನದಿ ಹರಿಯುತ್ತದೆ’ ಎಂದಿತ್ತು. ಏಳುಬಾವಿಯ ಸುತ್ತ ಹರದಾರಿಗಟ್ಟಲೆ ನದಿ ಇಲ್ಲ. ನಾವೇನು ಮಾಡಿದೆವು ಗೊತ್ತೇ? ನದಿ ಹುಡುಕಲು ಹೊರಟೆವು. ನಲವತ್ತು ದಿನ ನೆಲ ಬಗೆದೆವು, ಹಳೆಯ ಮರಳಿಗಾಗಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರು ನಾವು. ನಮ್ಮ ಹಿರಿಯ ಲಗಮಣ್ಣ ಗುದ್ದಲಿ ಎಸೆದು, “ಏ ಬಸಲಿಂಗವ್ವ, ನದಿ ಎಲ್ಲೂ ಇಲ್ಲಬೇ, ಆ ಮೇಷ್ಟ್ರು ಕುಡದು ಬರಸ್ಯಾನ” ಎಂದ. ನಾನು ಅವನ ಮೇಲೆ ಹರಿಹಾಯ್ದೆ. ನಲವತ್ತೊಂದು ಮಕ್ಕಳು ಸುಳ್ಳು ಹೇಳುತ್ತಾರೇನು, ನದಿ ಬತ್ತಿರಬೇಕು, ನೆಲ ನುಂಗಿರಬೇಕು ಎಂದು ವಾದಿಸಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ದಿನವೂ ಹೇಳುವ ಬಾಯಿ ಇದು. ನಿಮ್ಮ ಮಾತು ಉಳಿಸಲು ನನ್ನ ಊರಿನವನ ಮರ್ಯಾದೆ ತೆಗೆದೆ.

ಅದೇ ಪುಟದಲ್ಲಿ ಅದಕ್ಕೂ ಮೇಲಿದ್ದ ಸಾಲು: ‘ನಮ್ಮ ಊರಿನಲ್ಲಿ ಏಳು ಬಾವಿಗಳಿವೆ. ಬಾವಿಗಳ ನೀರು ಸಿಹಿಯಾಗಿದ್ದು ಕುಡಿಯಲು ಯೋಗ್ಯವಾಗಿದೆ.’ ಅಲ್ಲಿಯವರೆಗೆ ನಾವು ಮಳೆನೀರನ್ನೇ ಕಾಪಿಟ್ಟು ಕುಡಿಯುತ್ತಿದ್ದೆವು. ಆ ಸಾಲಿನ ಮೇಲೆ ಹೂತುಹೋದ ಏಳೂ ಬಾವಿಗಳನ್ನು ತೋಡಿದೆವು. ಬಾವಿ ತೆರೆದರೆ ಮೊದಲ ಕೊಡ ಸಾಕ್ಷಿ ಓದಿದವರ ಮನೆಗೆ ಹೋಗಬೇಕೆಂಬುದು ನಮ್ಮ ಕಟ್ಟಳೆ. ಐದನೆಯ ಬಾವಿ ನಮ್ಮ ಓಣಿಯದು. ಅದರ ಕೊಡ ನಮ್ಮ ಹೊಸ್ತಿಲಿಗೆ ಬಂದಾಗ ನನ್ನ ಮಗಳು ಮೈನಾ ಎಲ್ಲರಿಗಿಂತ ಮುಂದೆ ಬಂದು ಬೊಗಸೆ ಒಡ್ಡಿದಳು. “ಅವ್ವಾ, ಖರೇನ ಸಿಹಿ ಐತಿ!” ಎಂದು ಕುಣಿದಳು. ನಾನೂ ಕುಡಿದೆ. ನಿಜವಾಗಿಯೂ ಸಿಹಿಯಾಗಿತ್ತು. ನೋಡಿದಿರಾ ಎಂಬಂತೆ ಲಗಮಣ್ಣನ ಕಡೆ ತಿರುಗಿ ನಕ್ಕೆ.

ಮೈನಾಗೆ ಈಗ ಹನ್ನೆರಡು. ಒಂದು ವರ್ಷದಿಂದ ಅವಳ ಕೈ ನಡುಗುತ್ತಿದೆ. ಮೊದಲು ಬಳಪ ಜಾರುತ್ತಿತ್ತು, ಸೋಮಾರಿತನವೆಂದು ಬೈದೆ. ಈಗ ಲೋಟ ಹಿಡಿಯಲಾಗದು, ರೊಟ್ಟಿ ನಾನೇ ಮುರಿದು ತಿನ್ನಿಸುತ್ತೇನೆ. ನಮ್ಮ ಓಣಿಯ ದೊಡ್ಡವರಿಗೆ ತಲೆನೋವು, ಹೊಟ್ಟೆಶೂಲೆಯಲ್ಲೇ ಹೋಯಿತು. ಎಳೆಯ ಮೈಗಳಿಗೆ ತಡೆಯಲಾಗಲಿಲ್ಲ. ಕಾಯಿಲೆ ನಮ್ಮ ಓಣಿಯಲ್ಲಷ್ಟೇ ಇದ್ದುದರಿಂದ ಐದನೆಯ ಬಾವಿಯನ್ನು ಮುಚ್ಚಿದೆವು. ವೈದ್ಯೆ ದೇವಕ್ಕನ ಬಳಿ ನಿಮ್ಮ ಕಾಲದ ವಿದ್ಯೆಯಿಂದ ಮಾಡಿದ ಮೂರು ಮದ್ದುಗಳಿವೆ, ಮೂರು ಬಗೆಯ ವಿಷಕ್ಕೆ. ಅವಳು ಹೇಳಿದ್ದು ಇಷ್ಟು: “ಕುಡದದ್ದು ನೀರು ಅಂದ್ರ ನನಗ ಸಾಕಾಗಂಗಿಲ್ಲ ತಂಗಿ. ನೀರಿನ್ಯಾಗ ಏನಿತ್ತು, ಅದರ ಹೆಸರು ಬೇಕು. ಮೂರರಾಗ ಒಂದು ಉಳಸ್ತೈತಿ, ಎರಡು ಕೊಲ್ತಾವು. ಬಿಡುವಿನ ಐದು ದಿನ ಮುಗಿಯೋತನಕ ಕಾಯ್ತೀನಿ. ಆಮ್ಯಾಲ ದೇವರ ಮ್ಯಾಲ ಭಾರ ಹಾಕಿ ಒಂದು ಕೊಡ್ತೀನಿ.” ಇಂದಿನಿಂದ ಎಣಿಸಿದರೆ ಎಂಟು ದಿನ.

ಹೆಸರು ಎಲ್ಲಾದರೂ ಸಿಕ್ಕೀತೆಂದು ನಿಮ್ಮ ಕಪಾಟನ್ನು ಮತ್ತೆ ಜಾಲಾಡಿದೆ. ತಳದಲ್ಲಿ, ನಿಮ್ಮ ಹಾಜರಿ ಪುಸ್ತಕದ ಕೆಳಗೆ, ಒಂದು ಅಚ್ಚಾದ ಗೈಡು ಇತ್ತು. ಮೂವತ್ತನಾಲ್ಕನೆಯ ಪುಟ ತೆರೆದೆ. ‘ನಮ್ಮ ಊರಿನ ಹೆಸರು ಡ್ಯಾಶ್. ನಮ್ಮ ಊರಿನಲ್ಲಿ ಡ್ಯಾಶ್ ಬಾವಿಗಳಿವೆ. ಬಾವಿಗಳ ನೀರು ಸಿಹಿಯಾಗಿದ್ದು ಕುಡಿಯಲು ಯೋಗ್ಯವಾಗಿದೆ. ಊರಿನ ಪಕ್ಕದಲ್ಲಿ ನದಿ ಹರಿಯುತ್ತದೆ.’ ನೀವು ಮಾಡಿದ್ದು ಎರಡು ಡ್ಯಾಶ್ ತುಂಬಿದ್ದು, ಅಷ್ಟೇ. ಊರು ಸುತ್ತಿ ಬಂದ ಮಕ್ಕಳನ್ನು ಕೂರಿಸಿ, ಯಾವ ಊರನ್ನೂ ಕಾಣದವನೊಬ್ಬ ಬರೆದದ್ದನ್ನು ಬೋರ್ಡಿನ ಮೇಲೆ ಇಳಿಸಿದಿರಿ. ಮಕ್ಕಳು ನಕಲು ಮಾಡಿದರು. ನೀವು ರುಜು ಹಾಕಿದಿರಿ. ನಮ್ಮಲ್ಲಿ ಹನ್ನೊಂದು ದಿನ ಜಗಳಾಡಿ ಗಳಿಸುವುದನ್ನು ನೀವು ಒಂದು ಪಿರಿಯಡ್ಡಿನಲ್ಲಿ ಮುಗಿಸಿ ಗಂಟೆ ಬಾರಿಸಿದಿರಿ. ನಲವತ್ತೊಂದು ಸಾಕ್ಷಿ ಎಂದು ನಾನು ನಂಬಿದ್ದು ಒಂದೂ ಸಾಕ್ಷಿಯಲ್ಲ. ಥೂ! ನಂಬಿದವರ ಕೊರಳು ಕೊಯ್ಯುವುದೆಂದರೆ ಇದೇ ಅಲ್ಲವೇ?

ಸಿಲೆಬಸ್ ಮುಗಿಯಬೇಕಿತ್ತು, ತಪಾಸಣೆಯವರು ನೋಟ್ಸ್ ಪೂರ್ಣವಾಗಿದೆಯೇ ಎಂದಷ್ಟೇ ನೋಡುತ್ತಿದ್ದರು, ತಪ್ಪಿಲ್ಲದೆ ಬರೆದರೆ ಮಕ್ಕಳಿಗೆ ಅಂಕ ಬರುತ್ತಿತ್ತು ಎಂದು ನೀವು ಹೇಳಬಹುದು. ನಾನೂ ಮೇಷ್ಟ್ರ ಕೆಲಸ ಮಾಡುವವಳು, ದಣಿವು ನನಗೆ ಗೊತ್ತು. ಅಷ್ಟೇ ಆಗಿದ್ದರೆ ಅಳುತ್ತ ಅಳುತ್ತ ನಿಮ್ಮನ್ನು ಕ್ಷಮಿಸಿಬಿಡುತ್ತಿದ್ದೆನೇನೋ. ಆದರೆ ಮೊನ್ನೆ ಇನ್ನೊಂದು ಸಿಕ್ಕಿತು.

ರೋಲ್ ನಂಬರ್ ಮೂವತ್ತೆಂಟು, ಶಹನಾಜ ನದಾಫ. ಅವಳ ನೋಟ್‌ಬುಕ್ಕಿನಲ್ಲಿ ಆ ಗುರುವಾರದ ಮೊದಲ ಹಾಳೆಯನ್ನು ಬುಡಕ್ಕೆ ಹರಿದು ತೆಗೆಯಲಾಗಿದೆ. ಮುಂದಿನ ಹಾಳೆಯ ನೆತ್ತಿಯಲ್ಲಿ, ಮೊದಲ ಓದಿನಲ್ಲಿ ನಾನು ಗಮನಿಸದೆ ಬಿಟ್ಟ ನಿಮ್ಮ ಕೆಂಪು ಅಕ್ಷರ: ‘ಬೋರ್ಡಿನ ಮೇಲೆ ಇದ್ದಷ್ಟೇ ಬರೆ.’ ಅದರ ಕೆಳಗೆ ಅವಳೂ ಎಲ್ಲರಂತೆ ನದಿ ಹರಿಸಿದ್ದಾಳೆ. ಬೆರಳಾಡಿಸಿದಾಗ ಹಾಳೆ ಒರಟೊರಟಾಗಿತ್ತು. ಹರಿದ ಹಾಳೆಯ ಮೇಲೆ ಬರೆದವಳ ಕೈಯ ಒತ್ತು ಇದರ ಮೇಲೆ ಮೂಡಿದೆ ಎಂದು ಹೊಳೆಯಿತು. ಇದ್ದಿಲ ಪುಡಿಯನ್ನು ಹಗುರವಾಗಿ ಸವರಿದೆ. ಒಂದೊಂದೇ ಅಕ್ಷರ ಬೆಳ್ಳಗೆ ಎದ್ದು ಬಂತು. ‘ಐದನೇ ಬಾವಿ ಹತ್ರ ಲಾರಿ ನಿಂತಿತ್ತು. ಹದಿನಾಲ್ಕು ನೀಲಿ ಡ್ರಮ್ಮು. ಬಾವಿಗೆ ಸುರೀತಿದ್ರು. ವಾಸನಿ ಬಂತು. ಆ ಕಡೆ ನೋಡಬ್ಯಾಡ್ರಿ, ಸಾಲಾಗಿ ನಡೀರಿ ಅಂದ್ರು ಸರ್. ನಾ ನೋಡಿದೆ. ಡ್ರಮ್ಮಿನ ಮ್ಯಾಲ ಹಿಂಗ ಬರದಿತ್ತು.’

ಆಮೇಲೆ ಒಂದು ಪದವಿದೆ. ಅವಳು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಕಂಡದ್ದನ್ನು ಕಂಡಂತೆ ಇಳಿಸಿಕೊಂಡಿದ್ದಾಳೆ. ಜಾಗ ಸಾಲದೆ ಹಾಳೆಯ ನೆತ್ತಿಗೆ ಹೋಗಿ ಬರೆದಿದ್ದಾಳೆ. ಸರಿಯಾಗಿ ಅದೇ ಜಾಗದಲ್ಲಿ, ಮುಂದಿನ ಹಾಳೆಯ ಮೇಲೆ, ನೀವು ಸಿಟ್ಟಿನಿಂದ ಒತ್ತಿ ಬರೆದ ಕೆಂಪು ಸಾಲು ಕೂತಿದೆ. ಮೊದಲ ಒಂದು ಅಕ್ಷರ, ಕೊನೆಯ ಒಂದು ಅಕ್ಷರ ಕಾಣುತ್ತವೆ. ನಡುವಿನದೆಲ್ಲ ನಿಮ್ಮ ಪೆನ್ನಿನ ಕೆಳಗೆ ಹೂತುಹೋಗಿದೆ. ಆ ಎರಡು ಅಕ್ಷರ ದೇವಕ್ಕನ ಮೂರೂ ವಿಷಗಳ ಹೆಸರಿಗೆ ಹೊಂದುತ್ತವೆ.

ಹಾಗಾದರೆ ನೀವು ನೋಡಿದ್ದಿರಿ, ಕಮತರ ಸರ್. ಗೈಡು ನಂಬಿ ಮೋಸಹೋದವರಲ್ಲ ನೀವು. ಮೂಗಿಗೆ ವಾಸನೆ ಬಡಿದಿತ್ತು, ಮಕ್ಕಳ ಮುಖ ಆ ಕಡೆಯಿಂದ ತಿರುಗಿಸಿದ್ದಿರಿ, ಶಾಲೆಗೆ ಮರಳಿ ಅದೇ ಕೈಯಲ್ಲಿ ‘ಕುಡಿಯಲು ಯೋಗ್ಯವಾಗಿದೆ’ ಎಂದು ಬರೆಸಿದಿರಿ. ಯಾರಿಗೆ ಹೆದರಿದಿರೋ ನನಗೆ ಗೊತ್ತಿಲ್ಲ, ಅದು ನನ್ನ ಮೂರನೆಯ ಮನೆಯಲ್ಲಿದೆ. ಬಾಗಿಲಿನ ಮೇಲಿನ ನಿಮ್ಮ ಹೆಸರನ್ನು ನಿನ್ನೆ ನಾನೇ ಉಳಿಯಿಂದ ಕೆತ್ತಿ ಅಳಿಸಿದೆ. ನಿಮಗೆ ಹೇಳುವುದು ಇಷ್ಟೇ. ಇನ್ನು ಮೇಲಿನದು ನಿಮಗಲ್ಲ. ಈ ಕಾಗದವನ್ನು ಆ ಹುಡುಗಿಯ ಕೈಗೆ ಕೊಡಿ.

ತಾಯಿ ಶಹನಾಜ, ಕಾಲ ಹಿಂದಕ್ಕೆ ಕಿವಿ ಕೊಡುತ್ತದೋ ಇಲ್ಲವೋ ನನಗೆ ತಿಳಿಯದು. ಕೊಡುವುದಾದರೆ, ಆ ಗುರುವಾರ ಇನ್ನೂ ಬಂದಿಲ್ಲ. ಸಾಲಿನಲ್ಲೇ ನಡೆ, ಗದ್ದಲ ಮಾಡಬೇಡ, ನಿನಗೆ ಏಟು ಬೀಳುವುದು ನನಗೆ ಬೇಡ. ನೀನು ಹೇಗೂ ನೋಡುತ್ತೀಯ, ಹೇಗೂ ಬರೆಯುತ್ತೀಯ. ನಿಮ್ಮ ಸರ್ ಹೇಗೂ ಅದನ್ನು ಹರಿಯುತ್ತಾರೆ, ಹರಿಯಲಿ. ಆ ಪದವನ್ನು ಮಾತ್ರ ನೆತ್ತಿಯಲ್ಲಿ ಬರೆಯಬೇಡ, ಹಾಳೆಯ ನಟ್ಟನಡುವೆ ಬರೆ, ಕೆಳಗಿನ ನಾಲ್ಕು ಹಾಳೆಗೂ ತಾಗುವಂತೆ. ಬೆರಳು ನೋಯಲಿ, ನಿಬ್ಬು ಮುರಿಯಲಿ. ನಾಳೆ ಬೆಳಗ್ಗೆ ಮೈನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿನ್ನ ನೋಟ್‌ಬುಕ್ಕಿಗೆ ಇನ್ನೊಮ್ಮೆ ಇದ್ದಿಲು ಸವರುತ್ತೇನೆ. ಒತ್ತಿ ಬರಿ ಮಗಳೇ.